ಗೋಡೆಗೆ ಮುಖ ಮಾಡಿದ ಸಂತರು

ಸೆರ್ರಾಕೂಪ
14 ಜನವರಿ 1973

ಸವೇರಿಯೊ,

ಕೆಂಪು ಅರಗಿನ ಮುದ್ರೆ ಒತ್ತಿದ ಲಕೋಟೆಯೊಂದನ್ನು ಅಂಚೆಯವನು ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟ. ಬಿಷಪರ ಕಚೇರಿಯಿಂದ ನನಗೆ ಕಾಗದ ಬಂದದ್ದು ಇದೇ ಮೊದಲು. ಕೊನೆಗೂ ನನ್ನನ್ನು ಧರ್ಮದಿಂದ ಹೊರಗೆ ಹಾಕಿದರೇನೋ ಎಂದು ಖುಷಿಯಿಂದಲೇ ಒಡೆದೆ. ನೋಡಿದರೆ ಸಾಕ್ಷಿ ಹೇಳಲು ಕರೆ. ಊರ ಒಲೆಯಲ್ಲಿ ರೊಟ್ಟಿ ಸುಡುವ ದೊನಾತ ನಾಲ್ಕು ವರ್ಷದ ಹಿಂದೆ ಬದುಕಿಕೊಂಡದ್ದು ಸಿಸ್ಟರ್ ಲಿಯೊನಾರ್ದಳ ಪವಾಡವೋ ಅಲ್ಲವೋ ಎಂದು ವಿಚಾರಣೆಯಂತೆ. ದೊನಾತಳಿಗೆ ಔಷಧ ಕೊಟ್ಟ ಡಾಕ್ಟರಾದ್ದರಿಂದ ನಾನು ಪ್ರಮಾಣ ಮಾಡಿ ಇಪ್ಪತ್ತನಾಲ್ಕು ಪ್ರಶ್ನೆಗಳಿಗೆ ಉತ್ತರ ಕೊಡಬೇಕಂತೆ. ಪಟ್ಟಿಯನ್ನೂ ಜೊತೆಗೆ ಕಳಿಸಿದ್ದಾರೆ. ಕೆಳಗೆ ಮೂರು ಸಹಿ. ಮೂರನೆಯದು ನಿನ್ನದು. ಪವಾಡ ಅಲ್ಲ ಎಂದು ವಾದಿಸುವ ಪಾದ್ರಿ ನೀನೇ ಅಂತೆ. ಸೆಮಿನರಿಯಲ್ಲಿ ಪಾದ್ರಿಯಾಗಲು ಓದುವ ಹುಡುಗರಿಗೆ ದೇವರು ಇದ್ದಾನೆಂದು ತತ್ವಶಾಸ್ತ್ರ ಹೇಳಿಕೊಡುವುದು, ಇಲ್ಲಿ ಬಂದು ದೇವರು ಏನೂ ಮಾಡಲಿಲ್ಲ ಎನ್ನುವುದು. ಒಳ್ಳೆ ಉದ್ಯೋಗ ಹಿಡಿದಿದ್ದೀಯ ಮಾರಾಯ.

ಊರಿಗೆ ಊರೇ ಎದ್ದು ಕುಳಿತಿದೆ. ನಮ್ಮ ಪಾದ್ರಿ ದೋನ್ ವಿತೊಗೆ ಊಟ ರುಚಿಸುತ್ತಿಲ್ಲ. ಕಾನ್ವೆಂಟಿನ ಬಾಗಿಲು ಕಾಯುತ್ತಿದ್ದ ಲಿಯೊನಾರ್ದ ಸತ್ತು ನಲವತ್ತೆರಡು ವರ್ಷವಾಯಿತು. ನೀನೂ ನಾನೂ ಶಾಲೆಯಿಂದ ಬರುವಾಗ ಅವಳ ಕಿಟಕಿಗೆ ಕೈಯೊಡ್ಡಿ ರೊಟ್ಟಿ ತಿಂದವರೇ. ಅವಳು ಸಂತಳಾಗಬೇಕು, ನಮ್ಮ ಹೆಸರೂ ಒಂದು ನಕಾಶೆಯಲ್ಲಿ ಬರಬೇಕು ಎಂದು ಊರು ಕಾದು ಕುಳಿತಿದೆ. ನಿನ್ನೆ ನಲ್ಲಿಯ ಹತ್ತಿರ ದೊನಾತಳ ತಾಯಿ ಮಿಕೆಲಿನಾ ನನ್ನ ಕೋಟಿನ ತೋಳು ಹಿಡಿದು ನಿಲ್ಲಿಸಿದಳು.

"ಡಾಕ್ಟ್ರೇ, ಅಲ್ಲಿ ಸರಿಯಾಗಿ ಹೇಳ್ತೀರಿ ತಾನೆ?"

"ನೋಡಿದ್ದನ್ನ ಹೇಳ್ತೀನಿ."

"ಅಷ್ಟೇ ಸಾಕು. ನೋಡಿದ್ದಕ್ಕಿಂತ ಜಾಸ್ತಿ ತಲೆ ಓಡಿಸ್ಬೇಡಿ ಮತ್ತೆ."

ನೋಡಿದ್ದು ಇಷ್ಟೇ. ಅಪೆಂಡಿಕ್ಸ್ ಒಡೆದು ಹೊಟ್ಟೆಯೊಳಗೆಲ್ಲ ಕೀವು, ರಕ್ತಕ್ಕೆ ನಂಜು, ಒಂದು ಹನಿ ಮೂತ್ರವಿಲ್ಲ. ಜಿಲ್ಲಾ ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ, ತನ್ನ ಹಾಸಿಗೆಯಲ್ಲೇ ಸಾಯಲಿ ಎಂದರು. ಕರೆತಂದರು. ನಾಲ್ಕನೆಯ ದಿನ ಮಧ್ಯಾಹ್ನ ಮೂರಕ್ಕೆ ಅವಳು ಸಾಯುತ್ತಿದ್ದಳು, ಆರಕ್ಕೆ ಬದುಕಿದ್ದಳು. ನಿಂತ ಮೂತ್ರಪಿಂಡ ಮತ್ತೆ ಶುರುವಾಗುವುದುಂಟು. ಆದರೆ ಎಲ್ಲವೂ ಸೇರಿ ಮೂರು ಗಂಟೆಯಲ್ಲಿ ಸರಿಹೋದದ್ದನ್ನು ನನ್ನ ಮೂವತ್ತೆಂಟು ವರ್ಷದ ವೃತ್ತಿಯಲ್ಲಿ ಇನ್ನೊಂದು ಸಲ ಕಂಡಿಲ್ಲ. ಹೇಗಾಯಿತು ಎಂದು ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎನ್ನುವುದೂ ದೇವರು ಮಾಡಿದ ಎನ್ನುವುದೂ ಒಂದೇ ಅಲ್ಲ.

ನನ್ನನ್ನು ಇದರಿಂದ ಬಿಡಿಸಲು ಆಗುತ್ತದೆಯೇ? ಅರವತ್ತಾರು ವಯಸ್ಸು, ಮಂಡಿ ನೋವು, ಏನಾದರೊಂದು ಕಾರಣ ಬರೆದುಕೋ.

ಎಜಿದಿಯೊ

*

ವಲ್ದೀರ
25 ಜನವರಿ 1973

ಪ್ರಿಯ ಎಜಿದಿಯೊ,

ಬಿಡಿಸಲು ಆಗದು. ಡಾಕ್ಟರಿಲ್ಲದೆ ಪವಾಡದ ವಿಚಾರಣೆ ನಡೆಯುವುದೇ ಇಲ್ಲ. ನಿನ್ನ ಮಂಡಿಗೆ ನೋವಿದ್ದರೆ ನಾವೇ ಸೆಪ್ಟೆಂಬರಿನಲ್ಲಿ ಅಲ್ಲಿಗೆ ಬಂದು ಕಾನ್ವೆಂಟಿನಲ್ಲಿ ಕೂರುತ್ತೇವೆ. ನಾನು ಸಾಕ್ಷಿಯ ಸ್ನೇಹಿತನೆಂದು ಬಿಷಪರಿಗೆ ಮೊದಲೇ ಹೇಳಿದೆ. ಅವರು ನಕ್ಕರು. ನಮ್ಮ ಧರ್ಮಪ್ರಾಂತ್ಯದಲ್ಲಿ ಚರ್ಚಿನ ಕಾನೂನು ಓದಿದ ಪಾದ್ರಿಗಳು ನಾಲ್ಕೇ ಮಂದಿ. ಒಬ್ಬರಿಗೆ ಕಿವಿ ಕೇಳಿಸದು, ಇಬ್ಬರು ದೊನಾತಳ ನೆಂಟರು, ಉಳಿದವನು ನಾನು. ನಾವಿಬ್ಬರೂ ಮೊಕದ್ದಮೆಯ ಬಗ್ಗೆ ಬರೆದುಕೊಳ್ಳಬಾರದು, ಪವಾಡಗಳ ಬಗ್ಗೆ ಸುಮ್ಮನೆ ಹರಟಬಹುದು. ನಾನು ಹರಟೆಯನ್ನು ಮಾತ್ರ ಬರೆಯುತ್ತೇನೆ.

ಜನ ನನ್ನನ್ನು ದೆವ್ವದ ವಕೀಲ ಎನ್ನುತ್ತಾರೆ. ಹನ್ನೊಂದು ವರ್ಷದಲ್ಲಿ ನಾಲ್ಕು ಪವಾಡಗಳನ್ನು ಕೆಡವಿದ್ದೇನೆ. ಒಂದರಲ್ಲಿ ಮೊದಲ ಎಕ್ಸ್‌ರೇಯೇ ಬೇರೆಯವರದಾಗಿತ್ತು. ಇನ್ನೊಂದರಲ್ಲಿ ಕುರುಡಿ ಕುರುಡಿಯೇ ಆಗಿರಲಿಲ್ಲ. ಸುಳ್ಳನ್ನು ದೇವರ ಲೆಕ್ಕಕ್ಕೆ ಹಾಕದಿರುವುದೂ ದೇವರ ಕೆಲಸವೇ ಎಂದು ನಾನು ಸಮಾಧಾನ ಮಾಡಿಕೊಳ್ಳುತ್ತೇನೆ.

ನಿನ್ನ ಸಂಕಟ ನನಗೆ ಅರ್ಥವಾಗುತ್ತದೆ. 'ವಿವರಿಸಲಾಗದು' ಎಂದು ಬರೆದುಕೊಟ್ಟರೆ ಡಾಕ್ಟರುಗಳ ಸಂಘದಲ್ಲಿ ಆಡಿಕೊಳ್ಳುತ್ತಾರೆ ಎಂಬ ಹೆದರಿಕೆ ತಾನೆ? ಪವಾಡವೆಂದರೆ ನಿಸರ್ಗದ ನಿಯಮವನ್ನು ಮುರಿಯುವುದು ಎಂದು ನೀನು ತಿಳಿದಿದ್ದೀಯ. ನಿಯಮ ಮಾಡಿದವನಿಗೆ ಅದನ್ನು ಮುರಿಯುವ ಗರಜೇನು? ನನ್ನ ಪ್ರಕಾರ ಪವಾಡ ಒಂದು ಸನ್ನೆ. ತುಂಬಿದ ಕೋಣೆಯಲ್ಲಿ ಗೆಳೆಯನೊಬ್ಬ ದೂರದಿಂದ ಕಣ್ಣಲ್ಲೇ ಕರೆದ ಹಾಗೆ. ಕಣ್ಣಿನ ರೆಪ್ಪೆ ಮುಚ್ಚಿ ತೆರೆದದ್ದಕ್ಕೆ ನೀನು ಸ್ನಾಯು, ನರ ಎಲ್ಲ ಲೆಕ್ಕ ಕೊಡಬಹುದು. ಕರೆದದ್ದು ಸುಳ್ಳಾಗುವುದಿಲ್ಲ. ಆದ್ದರಿಂದ ನೀನು 'ನನಗೆ ಗೊತ್ತಿಲ್ಲ' ಎಂದಷ್ಟೇ ಹೇಳು. ಉಳಿದದ್ದು ನಮ್ಮ ತಲೆನೋವು.

ಇಪ್ಪತ್ತೊಂದನೆಯ ಪ್ರಶ್ನೆಯನ್ನು ಸ್ವಲ್ಪ ಗಮನಿಸು. ಕಾಯಿಲೆಯ ಹೊತ್ತಿನಲ್ಲಿ ಮನೆಯವರು ಸಿಸ್ಟರ್ ಲಿಯೊನಾರ್ದಳನ್ನಲ್ಲದೆ ಬೇರೆ ಯಾರನ್ನಾದರೂ ಬೇಡಿಕೊಂಡಿದ್ದರೆ, ಯಾರಿಂದ ಗುಣವಾಯಿತೆಂದು ಹೇಳಲಾಗದು. ಅಲ್ಲಿಗೆ ಮೊಕದ್ದಮೆ ಮುಗಿಯಿತು. ನಮ್ಮ ಕಡೆ ಒಬ್ಬರಿಗೆ ಜ್ವರ ಬಂದರೆ ಹನ್ನೆರಡು ಸಂತರನ್ನು ಕೂಗುತ್ತಾರೆ. ಎಷ್ಟೋ ಪವಾಡಗಳು ಬಿದ್ದುಹೋಗಿರುವುದು ಅಲ್ಲೇ.

ನಿನ್ನ,
ಸವೇರಿಯೊ

*

ಸೆರ್ರಾಕೂಪ
18 ಫೆಬ್ರವರಿ 1973

ಸವೇರಿಯೊ,

ನಿನ್ನ ಕಣ್ಸನ್ನೆ ಚೆನ್ನಾಗಿದೆ. ಸೆಮಿನರಿ ಹುಡುಗರು ತಲೆದೂಗಿರಬೇಕು. ನನ್ನ ಕಷ್ಟ ಬೇರೆ. ದೊನಾತ ಬದುಕಿದ ಆ ತಿಂಗಳೇ ಇದೇ ಕಾಯಿಲೆಯಿಂದ ನನ್ನ ಕೈಯಲ್ಲಿ ಇಬ್ಬರು ಸತ್ತರು. ಒಬ್ಬ ಗಾರೆ ಕೆಲಸದವನು, ಇನ್ನೊಬ್ಬಳಿಗೆ ಹದಿನೇಳು ವರ್ಷ. ಅವರ ತಲೆದಿಂಬಿನ ಕೆಳಗೂ ಸಿಸ್ಟರಳ ಏಪ್ರನ್ನಿನ ಚೂರು ಹೊಲಿದ ತಾಯಿತದ ಚೀಲ ಇತ್ತು. ಅವರ ಮನೆಯವರೂ ಗಂಟಲು ಹರಿಯುವಂತೆ ಬೇಡಿಕೊಂಡರು. ವಾರ್ಡಿನಲ್ಲಿ ಮೂವರಲ್ಲಿ ಒಬ್ಬರಿಗೆ ಮಾತ್ರ ಔಷಧ ಕೊಟ್ಟು, ಏಕೆಂದು ಹೇಳದೆ ಹೋಗುವ ಡಾಕ್ಟರನ್ನು ನಾವು ಕೆಲಸದಿಂದ ತೆಗೆಯುತ್ತೇವೆ. ನೀವು ಮೇಣದ ಬತ್ತಿ ಹಚ್ಚುತ್ತೀರಿ. ಪವಾಡ ನಡೆಯುವುದಿಲ್ಲ ಎನ್ನುವುದು ನನ್ನ ವಾದವಲ್ಲ. ನಡೆದರೆ ಅದು ಅನ್ಯಾಯ ಎನ್ನುವುದು ನನ್ನ ವಾದ.

ನಿನ್ನ ಇಪ್ಪತ್ತೊಂದನೆಯ ಪ್ರಶ್ನೆಗೆ ಊರು ಹೇಗೆ ತಯಾರಾಗಿತ್ತು ಗೊತ್ತೇ? ಆಸ್ಪತ್ರೆಯಿಂದ ದೊನಾತಳನ್ನು ತಂದ ದಿನವೇ ದೋನ್ ವಿತೊ ಮನೆಗೆ ಬಂದು ಹೆಂಗಸರನ್ನೆಲ್ಲ ಸಾಲಾಗಿ ನಿಲ್ಲಿಸಿ ಹೇಳಿದ. "ಲಿಯೊನಾರ್ದಳನ್ನ ಬಿಟ್ಟು ಬೇರೆ ಯಾರ ಹೆಸರಾದ್ರೂ ಎತ್ತಿದ್ರೆ ನೋಡಿ. ಇದು ಲೆಕ್ಕಕ್ಕೆ ಬರಲ್ಲ." ಮಿಕೆಲಿನಾ ಆಗಲೇ ಕುರ್ಚಿ ಹತ್ತಿ ಗೋಡೆಯ ಮೇಲಿದ್ದ ಸಂತ ರೊಕ್ಕೊ, ಸಂತ ಅಂತೋನಿ ಇಬ್ಬರ ಚಿತ್ರವನ್ನೂ ಗೋಡೆಗೆ ಮುಖ ಮಾಡಿ ತಿರುಗಿಸಿದಳು. ಮಾತೆ ಮರಿಯಳ ಮುಂದೆ ಸ್ವಲ್ಪ ಹೊತ್ತು ನಿಂತು, "ತಾಯಿ, ನಾಲ್ಕೇ ದಿನ, ಬೇಜಾರು ಮಾಡ್ಕೋಬೇಡ," ಎಂದು ಅವಳನ್ನೂ ತಿರುಗಿಸಿದಳು. ಅಭ್ಯಾಸ ಬಲದಿಂದ 'ಅಯ್ಯೋ ಮರಿಯಮ್ಮಾ' ಎಂದವಳ ಬಾಯಿಗೆ ಪಕ್ಕದವಳು ಕೈ ಅಡ್ಡ ಹಿಡಿಯುತ್ತಿದ್ದಳು. ನಾಲ್ಕು ದಿನ ಆ ಮನೆಯಲ್ಲಿ ಒಬ್ಬರೂ ಬಾಯಿ ಜಾರಲಿಲ್ಲ. ಎಷ್ಟು ಕಷ್ಟಪಟ್ಟರು ಎಂದು ನಾನು ನೋಡಿದ್ದೇನೆ.

ಒಂದು ಮಾತು, ಬರೀ ಹರಟೆಗೆ ಕೇಳುತ್ತೇನೆ. ಪ್ರಶ್ನೆಯಲ್ಲಿ 'ಯಾರಾದರೂ ಬೇರೆಯವರನ್ನು ಬೇಡಿಕೊಂಡರೇ' ಎಂದಿದೆ. ಯಾರಾದರೂ ಎಂದರೆ ಮನೆಯವರು ಮಾತ್ರವೇ? ದೇವರನ್ನೇ ನಂಬದವನೊಬ್ಬ ಅಲ್ಲಿದ್ದು, ಬಾಯಿಗೆ ಬಂದದ್ದೇನೋ ಅಂದಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆಯೇ?

ಎಜಿದಿಯೊ

*

ವಲ್ದೀರ
2 ಮಾರ್ಚ್ 1973

ಪ್ರಿಯ ಎಜಿದಿಯೊ,

ನಿನ್ನ ಹರಟೆಯ ಪ್ರಶ್ನೆ ಓದಿ ನಗು ಬಂತು. ನಿಮ್ಮ ಕಮ್ಯುನಿಸ್ಟ್ ಮೇಯರ್ ಅಲ್ಲಿಗೆ ಬಂದಿದ್ದನೆಂದು ಬೇರೆ ಸಾಕ್ಷಿಗಳಿಂದ ನನಗೂ ಗೊತ್ತಾಗಿದೆ. ಅವನು ಹಾಸಿಗೆಯ ಪಕ್ಕ ನಿಂತು ಯಾರನ್ನು ಕೂಗಿದ, ಮಾಸ್ಕೋದವರನ್ನೇ? ಅವನಿಂದ ಮೊಕದ್ದಮೆಗೆ ಧಕ್ಕೆಯಿಲ್ಲ, ನಿಶ್ಚಿಂತೆಯಿಂದಿರು.

ಪ್ರಾರ್ಥನೆ ಎಂದರೆ ಒಬ್ಬರನ್ನು ಉದ್ದೇಶಿಸಿದ ಮಾತು. ಆ ಕಡೆ ಕೇಳುವವರಿದ್ದಾರೆ ಎಂದು ನಂಬಿ ಆಡಬೇಕು. ನಂಬಿಕೆಯಿಲ್ಲದವನ ಕೂಗು ಕೂಗಷ್ಟೇ. ಕಾಲಿಗೆ ಕಲ್ಲು ತಗುಲಿದಾಗ ಅಮ್ಮಾ ಎನ್ನುತ್ತೇವಲ್ಲ, ಅಮ್ಮ ಬಂದು ಕಲ್ಲು ಎತ್ತಲಿ ಎಂದಲ್ಲ. ಇದರ ಮೇಲೆ ನಾನು ಎರಡು ಗಂಟೆ ಪಾಠ ಮಾಡಬಲ್ಲೆ. ಮಾಡಿದ್ದೇನೆ ಕೂಡ, ಹುಡುಗರು ನಿದ್ದೆ ಹೋದರು.

ನಿನ್ನ ಮೂವರು ರೋಗಿಗಳ ವಿಷಯಕ್ಕೆ ಬರುತ್ತೇನೆ. ದೇವರು ಎಲ್ಲರಿಗೂ ಉತ್ತರಿಸುತ್ತಾನೆ, ಕೆಲವರಿಗೆ ಇಲ್ಲ ಎನ್ನುತ್ತಾನೆ ಎಂದು ಪುಸ್ತಕಗಳಲ್ಲಿದೆ. ಹದಿನೇಳು ವರ್ಷದ ಹುಡುಗಿಯ ತಾಯಿಯ ಮುಂದೆ ಆ ಮಾತನ್ನು ನಾನು ಹೇಳಲಾರೆ. ಹಿಂದೆ ಒಮ್ಮೆ ಅಂಥ ಮಾತನ್ನು ಬಹಳ ಸಲೀಸಾಗಿ ಹೇಳಿದ್ದೆ. ನಿನ್ನ ಹೆಂಡತಿ ರಕೇಲೆ ತೀರಿಕೊಂಡ ಮೇಲೆ ಆ ಸಲೀಸು ಹೋಯಿತು. ಈಗ ಅದು ಬೇಡ.

ಹಬ್ಬಕ್ಕೆ ಅವಳ ಸಮಾಧಿಗೆ ಹೋದರೆ ನನ್ನ ಪರವಾಗಿಯೂ ಒಂದು ಹೂವು ಇಡು.

ಸವೇರಿಯೊ

*

ಸೆರ್ರಾಕೂಪ
29 ಏಪ್ರಿಲ್ 1973

ಸವೇರಿಯೊ,

ಎಂಟು ವಾರ ಬರೆಯಲಿಲ್ಲ. ಮೂರು ಸಲ ಕೂತು ಹರಿದುಹಾಕಿದೆ. ಮೊಕದ್ದಮೆಯ ಬಗ್ಗೆ ಬರೆಯಬಾರದು ಎಂದು ನೀನು ಹೇಳಿದ್ದೆ, ಈಗ ನಾನು ಬರೆಯುತ್ತಿದ್ದೇನೆ. ಬೇಕಾದರೆ ಬಿಷಪರಿಗೆ ತೋರಿಸು.

ಮೇಯರ್ ಅಲ್ಲ, ನಾನು.

ಒಂಬತ್ತು ವರ್ಷದ ಹಿಂದೆ ರಕೇಲೆ ಕ್ಯಾನ್ಸರಿನಿಂದ ಮಲಗಿದ್ದಾಗ ಒಂದು ಬೆಳಿಗ್ಗೆ ಹಾಸಿಗೆಯ ಬಟ್ಟೆ ಬದಲಾಯಿಸುತ್ತಿದ್ದೆ. ದಿಂಬಿನ ಕೆಳಗೆ ಸಿಸ್ಟರಳ ತಾಯಿತದ ಚೀಲ ಸಿಕ್ಕಿತು. ಯಾರಿಂದಲೋ ಗುಟ್ಟಾಗಿ ತರಿಸಿಕೊಂಡಿದ್ದಳು. ಜಿಡ್ಡು ಹಿಡಿದು ಕಪ್ಪಾದ ಚಿಂದಿ. "ಏನಿದು ಕೊಳಕು, ಇದರಲ್ಲೇನಿದೆ?" ಎಂದು ತೆಗೆದು ಒಲೆಗೆ ಹಾಕಿದೆ. ಅವಳು ನೋಡುತ್ತಲೇ ಇದ್ದಳು. ಮೂರು ದಿನಕ್ಕೆ ಹೋದಳು. ಆ ಚಿಂದಿಯಿದ್ದರೂ ಹೋಗುತ್ತಿದ್ದಳು, ಅದು ನನಗೆ ಗೊತ್ತು. ಗೊತ್ತಿದ್ದು ಏನು ಪ್ರಯೋಜನ? ಅವಳು ಹಿಡಿದುಕೊಂಡಿದ್ದ ಒಂದೇ ವಸ್ತುವನ್ನು ನಾನು ಕಿತ್ತುಕೊಂಡೆ.

ಇನ್ನು ದೊನಾತಳ ಮಧ್ಯಾಹ್ನ. ಹೆಂಗಸರೆಲ್ಲ ಸಿಸ್ಟರಳ ಗೋರಿಯ ಹತ್ತಿರ ಜಪಮಾಲೆ ಹೇಳಲು ಹೋಗಿದ್ದರು. ಗಂಡ ಹೊರಗೆ ಮೆಟ್ಟಿಲ ಮೇಲೆ ತಲೆಗೆ ಕೈಹೊತ್ತು ಕುಳಿತಿದ್ದ. ಕೋಣೆಯಲ್ಲಿ ನಾನು, ಅವಳು, ಗೋಡೆಗೆ ಮುಖ ಮಾಡಿದ ಸಂತರು. ನಾಡಿ ಹಿಡಿದು ಕೂತಿದ್ದೆ. ಎಣಿಸಲು ಏನೂ ಉಳಿದಿರಲಿಲ್ಲ. ದಿಂಬಿನ ಕೆಳಗೆ ಅದೇ ತರಹದ ಚೀಲದ ಮೂಲೆ ಕಾಣುತ್ತಿತ್ತು. ಆಗ ನನ್ನ ಬಾಯಿಂದ ಬಂತು, ಗಟ್ಟಿಯಾಗಿಯೇ ಬಂತು. "ರಕೇಲೆ, ನನ್ನ ಕೈಲಿ ಆಗ್ತಿಲ್ಲ ಕಣೇ. ಇವಳಿಗೆ ಎರಡು ಸಣ್ಣ ಮಕ್ಕಳಿದ್ದಾವೆ. ನಿನಗೆ ಏನಾದ್ರೂ ಮಾಡೋಕಾದ್ರೆ ಮಾಡು." ಆಮೇಲೆ ನಾಚಿಕೆಯಾಗಿ ಎದ್ದು ಕೈ ತೊಳೆದುಕೊಂಡೆ. ಮುಕ್ಕಾಲು ಗಂಟೆಯಲ್ಲಿ ಮೂತ್ರ ಬಂತು.

ಇಡೀ ಊರು ನಾಲ್ಕು ದಿನ ನಾಲಿಗೆ ಕಚ್ಚಿಕೊಂಡು ಕಾಪಾಡಿದ್ದನ್ನು ಕೆಡಿಸಿದವನು ನಾನೊಬ್ಬನೇ. ಇದನ್ನು ಹೇಳಿದರೆ ಅವರ ನಲವತ್ತು ವರ್ಷದ ಆಸೆ ಮಣ್ಣುಪಾಲು. ಹೇಳದಿದ್ದರೆ ಪ್ರಮಾಣ ಮಾಡಿ ಸುಳ್ಳು ಹೇಳಿದಂತೆ. ನಿನ್ನ ದೇವರಿಗೆ ನಾನು ಹೆದರುವುದಿಲ್ಲ, ಆದರೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಬಿಡಿಸು ಎಂದು ಮೊದಲೇ ಏಕೆ ಕೇಳಿದೆ ಎಂದು ಈಗ ತಿಳಿಯಿತೇ?

ಎಜಿದಿಯೊ

*

ವಲ್ದೀರ
6 ಮೇ 1973

ಎಜಿದಿಯೊ,

ನಿನ್ನ ಪತ್ರವನ್ನು ಬಿಷಪರಿಗೆ ತೋರಿಸಿ, ನನ್ನನ್ನು ಈ ಕೆಲಸದಿಂದ ತೆಗೆಯಿರಿ ಎಂದೆ. ಅವರು ಪತ್ರವನ್ನು ಮಡಿಸಿ ನನ್ನ ಕೈಗೆ ಕೊಟ್ಟು, "ಆ ಪ್ರಶ್ನೆಯನ್ನ ನೀವೇ ಕೇಳಿ, ದೋನ್ ಸವೇರಿಯೊ. ನಿಮಗೆ ಅದೇ ಶಿಕ್ಷೆ," ಎಂದರು. ಸಾಕ್ಷಿ ಕೋಣೆಯಲ್ಲಿ ಏನು ಹೇಳುತ್ತಾನೋ ಅಷ್ಟನ್ನೇ ಬರೆದುಕೊಳ್ಳಬೇಕು, ಪತ್ರದಲ್ಲಿರುವುದನ್ನು ಎತ್ತಕೂಡದು ಎಂದೂ ಹೇಳಿದರು.

ಸ್ನೇಹಿತನಾಗಿ ಒಂದು ದಾರಿ ಹೇಳುತ್ತೇನೆ. ಮಾರ್ಚಿನಲ್ಲಿ ಬರೆದದ್ದನ್ನು ನೆನಪಿಸಿಕೋ. ನಂಬದವನ ಮಾತು ಪ್ರಾರ್ಥನೆಯಲ್ಲ. ನಿನಗೆ ಪರಲೋಕವಿಲ್ಲ, ಆತ್ಮವಿಲ್ಲ, ಆದ್ದರಿಂದ ಕೇಳುವ ರಕೇಲೆಯೂ ಇಲ್ಲ. ನೀನು ನಿನ್ನಷ್ಟಕ್ಕೆ ಮಾತಾಡಿಕೊಂಡೆ. 'ಬೇರೆ ಯಾರಿಗೂ ಪ್ರಾರ್ಥನೆ ನಡೆಯಲಿಲ್ಲ' ಎಂದು ನೀನು ಹೇಳಿದರೆ ಅದು ನಿನ್ನ ತತ್ವಕ್ಕೂ ಸರಿ, ನಮ್ಮ ಕಾನೂನಿಗೂ ಸರಿ. ಸುಳ್ಳಲ್ಲ. ಊರಿಗೆ ಅದರ ಸಂತಳು ಸಿಗುತ್ತಾಳೆ.

ನೀನು ಮುಚ್ಚಿಟ್ಟದ್ದನ್ನು ಹೇಳಿದೆ, ನಾನೂ ಹೇಳಬೇಕು. ಸಾಯುವ ಎರಡು ತಿಂಗಳ ಮೊದಲು ರಕೇಲೆ ನನಗೆ ಕಾಗದ ಬರೆದಿದ್ದಳು. "ಅಣ್ಣಾ, ಇವರಿಗೆ ಗೊತ್ತಾಗದ ಹಾಗೆ ಲಿಯೊನಾರ್ದಳ ಒಂದು ಚೀಲ ತಂದುಕೊಡಿ. ಇವರು ನಗಾಡಿದ್ರೆ ನನಗೆ ತಡೆಯೋಕಾಗಲ್ಲ," ಎಂದು. ನಾನು ತರಲಿಲ್ಲ. ಬದಲಿಗೆ ನಾಲ್ಕು ಪುಟದ ಉಪದೇಶ ಬರೆದೆ. ದೇವರು ಔಷಧದ ಅಂಗಡಿಯಲ್ಲ, ಪವಾಡವನ್ನು ಕೇಳಬಾರದು, ಬಂದರೆ ಸ್ವೀಕರಿಸಬೇಕು, ಹೀಗೆಲ್ಲ. ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಒಂದು ಚಿಂದಿ ತಂದುಕೊಡುವುದು ಬಿಟ್ಟು ನಾನು ತತ್ವಶಾಸ್ತ್ರ ಕಳಿಸಿದೆ. ಅವಳು ಉತ್ತರ ಬರೆಯಲಿಲ್ಲ.

ಸವೇರಿಯೊ

*

ಸೆರ್ರಾಕೂಪ
30 ಜೂನ್ 1973

ಸವೇರಿಯೊ,

ನಿನ್ನ ನಾಲ್ಕು ಪುಟ ನನ್ನ ಹತ್ತಿರವೇ ಇದೆ. ಅವಳು ತೀರಿಕೊಂಡ ವಾರವೇ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಸಿಕ್ಕಿತು. ನನಗೆ ತಿಳಿಯದೆಂದು ನೀನು ಒಂಬತ್ತು ವರ್ಷ ಸುಮ್ಮನಿದ್ದೆ, ನೀನು ಹೇಳುತ್ತೀಯೋ ಎಂದು ನಾನು ಒಂಬತ್ತು ವರ್ಷ ಸುಮ್ಮನಿದ್ದೆ. ಮೊದಲ ಎರಡು ವರ್ಷ ನಿನ್ನ ಮೇಲೆ ಎಷ್ಟು ಸಿಟ್ಟಿತ್ತು ಎಂದರೆ, ನೀನು ಈಸ್ಟರಿಗೆ ಬಂದಾಗಲೆಲ್ಲ ರೋಗಿ ನೋಡುವ ನೆಪ ಮಾಡಿ ಪಕ್ಕದ ಊರಿಗೆ ಹೋಗುತ್ತಿದ್ದೆ. ಆಮೇಲೆ ಯೋಚನೆ ಬಂತು. ನೀನು ಕೊಡಲಿಲ್ಲ, ನಾನು ಕಿತ್ತುಕೊಂಡೆ. ನಿನಗಿಂತ ನಾನು ಯಾವ ಲೆಕ್ಕದಲ್ಲಿ ಮೇಲು?

ನೀನು ಹೇಳಿದ ದಾರಿ ಅಚ್ಚುಕಟ್ಟಾಗಿದೆ. ಯೋಚಿಸುತ್ತಿದ್ದೇನೆ. ಸೆಪ್ಟೆಂಬರಿನಲ್ಲಿ ಬಾ, ಕೇಳು.

ಎಜಿದಿಯೊ

*

ಸೆರ್ರಾಕೂಪ
21 ಸೆಪ್ಟೆಂಬರ್ 1973

ಸವೇರಿಯೊ,

ಅಲ್ಲಿ ನಡೆದದ್ದನ್ನು ಹೊರಗೆ ಹೇಳುವುದಿಲ್ಲ ಎಂದು ಪ್ರಮಾಣ ಮಾಡಿದ್ದೇನೆ. ಆ ಕೋಣೆಯಲ್ಲೇ ಇದ್ದವನಿಗೆ ಬರೆದರೆ ತಪ್ಪಾಗದು ಎಂದುಕೊಂಡಿದ್ದೇನೆ. ನಾನು ಹಾಗೇಕೆ ಮಾಡಿದೆ ಎಂದು ಅಲ್ಲಿ ನೀನು ಕೇಳುವಂತಿರಲಿಲ್ಲ, ನಾನು ಹೇಳುವಂತಿರಲಿಲ್ಲ.

ಇಪ್ಪತ್ತು ಪ್ರಶ್ನೆಗಳವರೆಗೆ ಸುಲಭವಾಗಿತ್ತು. ಜ್ವರ ಎಷ್ಟು, ನಾಡಿ ಎಷ್ಟು, ಹೇಗೆ ಗುಣವಾಯಿತು ಎಂದು ಗೊತ್ತಿದೆಯೇ? ಗೊತ್ತಿಲ್ಲ. ನ್ಯಾಯಪೀಠದಲ್ಲಿ ಕೂತ ಹಿರಿಯ ಪಾದ್ರಿ ಮೊನ್ಸಿನ್ಯೋರ್ ತಲಾರಿಕೊ ಅವರ ಮುಖ ಅರಳುತ್ತಲೇ ಹೋಯಿತು. ಆಮೇಲೆ ನೀನು ಎದ್ದು ನಿಂತೆ. ಅರವತ್ತು ವರ್ಷದಲ್ಲಿ ಮೊದಲ ಸಲ ನನ್ನನ್ನು ನೀವು ಎಂದೆ. ನನ್ನ ಕಡೆ ನೋಡದೆ ಮಸಿಬುಡ್ಡಿಯ ಕಡೆ ನೋಡುತ್ತ ಓದಿದೆ. "ನಿಮಗೆ ತಿಳಿದಂತೆ ಆ ಹೊತ್ತಿನಲ್ಲಿ ಬೇರೆ ಯಾರನ್ನಾದರೂ ಬೇಡಿಕೊಂಡದ್ದುಂಟೇ?"

"ಉಂಟು," ಎಂದೆ. "ನಾನು. ನನ್ನ ಹೆಂಡ್ತಿ ಹತ್ರ ಕೇಳ್ದೆ. ತೀರಿಕೊಂಡು ಐದು ವರ್ಷ ಆಗಿತ್ತು."

ಮೊನ್ಸಿನ್ಯೋರ್ ಕನ್ನಡಕ ತೆಗೆದರು. ಒಳ್ಳೆಯ ಮನುಷ್ಯ, ನನಗೆ ಕೈ ನೀಡುತ್ತಿದ್ದಾರೆ ಎಂದು ಗೊತ್ತಾಯಿತು. "ಡಾಕ್ಟ್ರೇ, ನೀವು ದೇವರನ್ನ ನಂಬ್ತೀರಾ?" ಇಲ್ಲ ಎಂದೆ. "ಸತ್ತ ಮೇಲೆ ಏನಾದ್ರೂ ಉಳಿಯುತ್ತೆ ಅಂತ?" ಇಲ್ಲ ಎಂದೆ. "ಹಾಗಾದ್ರೆ ಅದು ದುಃಖದಲ್ಲಿ ನಿಮಗೆ ನೀವೇ ಆಡಿದ ಮಾತು. ಪ್ರಾರ್ಥನೆ ಅಲ್ಲ ಅಲ್ವೇ? ಅಲ್ಲ ಅಂತ ಒಂದು ಮಾತು ಹೇಳಿ, ಇದನ್ನ ಬರೆಯೋ ಅಗತ್ಯವೇ ಇಲ್ಲ."

ಆಗ ಆಕ್ಷೇಪ ಎತ್ತಬೇಕಾದವನು ನೀನು. ನಿನ್ನ ಕೆಲಸವೇ ಅದು. ನೀನು ಬಾಯಿ ಬಿಡಲಿಲ್ಲ. ನಾನು ಪಾರಾಗಲಿ ಎಂದು ನೀನು ಕಾಯುತ್ತಿದ್ದೆ, ಅದು ನನಗೆ ಗೊತ್ತಾಯಿತು, ಮರೆಯುವುದಿಲ್ಲ. ಕಿಟಕಿಯ ಹೊರಗೆ ಹೆಂಗಸರು ಮೆಲ್ಲಗೆ ಹಾಡುವುದು ಕೇಳಿಸುತ್ತಿತ್ತು. ಒಂದು ಮಾತು ಸಾಕಿತ್ತು. ನಲವತ್ತು ವರ್ಷದಿಂದ ಈ ಊರಿನ ಅಂಗಡಿ ಕಟ್ಟೆಯ ಮೇಲೆ ಕೂತು ಪ್ರಾರ್ಥನೆಯಲ್ಲಿ ಏನೂ ಇಲ್ಲ ಎಂದು ವಾದಿಸಿದವನಿಗೆ ಅದೇನು ಕಷ್ಟದ ಮಾತೇ?

ಆದರೆ ಸವೇರಿಯೊ, ಒಮ್ಮೆ ರಕೇಲೆಯ ತಲೆಯ ಕೆಳಗಿನಿಂದ ಆ ಚೀಲವನ್ನು ಎಳೆದು 'ಇದರಲ್ಲೇನಿದೆ' ಎಂದಿದ್ದೆ. ಈಗ ಇದರಲ್ಲೂ ಏನಿಲ್ಲ ಎಂದರೆ ಎರಡನೆಯ ಸಲ ಕಿತ್ತುಕೊಂಡ ಹಾಗೆ. ಅಷ್ಟೇ ಕಾರಣ. ಬೇರೆ ತತ್ವ ಹುಡುಕಬೇಡ.

"ಪ್ರಾರ್ಥನೆಯೇ," ಎಂದೆ. "ಬರ್ಕೊಳ್ಳಿ."

ಆಗ ನೀನು ಕೇಳಿದೆಯಲ್ಲ, ಪಟ್ಟಿಯಲ್ಲಿಲ್ಲದ ಪ್ರಶ್ನೆ. "ದೇವರನ್ನೂ ನಂಬದೆ, ಪರಲೋಕವನ್ನೂ ನಂಬದೆ, ಯಾರನ್ನ ನಂಬಿ ಕೇಳಿದಿರಿ?"

"ಅವಳನ್ನ," ಎಂದೆ. ಅದಕ್ಕಿಂತ ಸರಿಯಾದ ಉತ್ತರ ಈ ಮೂರು ದಿನ ಯೋಚಿಸಿದರೂ ಹೊಳೆದಿಲ್ಲ. ನನಗೆ ನಂಬಿಕೆ ಬಂದುಬಿಟ್ಟಿದೆ ಎಂದು ಖುಷಿಪಡಬೇಡ. ದೊನಾತಳನ್ನು ಉಳಿಸಿದ್ದು ಏನು ಎಂದು ನನಗೆ ಈಗಲೂ ಗೊತ್ತಿಲ್ಲ.

ಹೊರಗೆ ಬಂದಾಗ ಮಿಕೆಲಿನಾ ಕೈ ಹಿಡಿದುಕೊಂಡು ಕೇಳಿದಳು. "ಸರಿಯಾಗಿ ಹೇಳಿದ್ರಾ ಡಾಕ್ಟ್ರೇ?" ಹೇಳಿದೆ ಎಂದೆ. ಅವಳ ಕಣ್ಣಲ್ಲಿ ನೀರು ಬಂತು. ಮನೆಗೆ ಬಂದು ಊಟ ಮಾಡಲಾಗಲಿಲ್ಲ. ಅವರಿಗೆ ನಾನು ಮಾಡಿದ್ದು ದ್ರೋಹವೇ. ಅದನ್ನು ಹೊತ್ತುಕೊಂಡೇ ಇರಬೇಕು.

ಎಜಿದಿಯೊ

*

ವಲ್ದೀರ
11 ನವೆಂಬರ್ 1973

ಪ್ರಿಯ ಎಜಿದಿಯೊ,

ಕಾಗದಗಳೆಲ್ಲ ನಿನ್ನೆ ಅರಗಿನ ಮುದ್ರೆ ಹಾಕಿಸಿಕೊಂಡು ರೋಮಿಗೆ ಹೋದವು. ನನ್ನ ಅಂದಾಜಿನಲ್ಲಿ ಅಲ್ಲಿ ಮೊಕದ್ದಮೆ ಮೊದಲ ಸುತ್ತಿನಲ್ಲೇ ಬೀಳುತ್ತದೆ. ಸುದ್ದಿ ಬಂದಾಗ ಊರು ನನ್ನನ್ನು ಬೈಯಲಿ. ಆಕ್ಷೇಪಣೆಗೆ ಸಹಿ ಮಾಡಿದವನು ನಾನು, ಕಾರಣ ಹೊರಗೆ ಬರುವಂತಿಲ್ಲ. ದೋನ್ ವಿತೊ ಈಗಾಗಲೇ ನನ್ನ ಪತ್ರಗಳಿಗೆ ಉತ್ತರ ಬರೆಯುವುದನ್ನು ನಿಲ್ಲಿಸಿದ್ದಾನೆ. ನೀನು ಬಾಯಿ ಬಿಡಬೇಡ. ರಕೇಲೆಗೆ ನಾನು ಮಾಡದೆ ಉಳಿಸಿದ ಒಂದು ಕೆಲಸವಿತ್ತು. ಅದಕ್ಕೆ ಬದಲಾಗಿ ಇದನ್ನು ನಾನು ಹೊರುತ್ತೇನೆ.

ಆಕ್ಷೇಪಣೆ ಬರೆಯಲು ಆರು ವಾರ ಹಿಡಿಯಿತು. ಮೊದಲು ಮಾರ್ಚಿನಲ್ಲಿ ನಿನಗೆ ಹೇಳಿದ ಪಾಠವನ್ನೇ ಬರೆಯಲು ಹೋದೆ. ನಂಬದವನ ಮಾತು ಪ್ರಾರ್ಥನೆಯಲ್ಲ, ಆದ್ದರಿಂದ ಆಕ್ಷೇಪಣೆಗೆ ಆಸ್ಪದವಿಲ್ಲ ಎಂದು. ಬರೆಯಲಾಗಲಿಲ್ಲ. ನಲವತ್ತು ವರ್ಷದಿಂದ ದಿನಕ್ಕೆ ಐದು ಸಲ ಪುಸ್ತಕ ತೆರೆದು ಪ್ರಾರ್ಥನೆ ಓದುತ್ತಿದ್ದೇನೆ. 'ನನ್ನ ಕೈಲಿ ಆಗ್ತಿಲ್ಲ ಕಣೇ' ಎನ್ನುವಷ್ಟು ನೇರವಾಗಿ ನಾನು ಒಂದು ದಿನವೂ ಕೇಳಿಲ್ಲ. ನಿನ್ನದು ಪ್ರಾರ್ಥನೆಯಲ್ಲವಾದರೆ ನನ್ನದು ಯಾವುದೂ ಅಲ್ಲ.

ಕೊನೆಗೆ ಮೂರೇ ವಾಕ್ಯ ಬರೆದೆ. 'ರೋಗಿ ಗುಣವಾದದ್ದು ಸಿಸ್ಟರ್ ಲಿಯೊನಾರ್ದರ ಮಧ್ಯಸ್ಥಿಕೆಯಿಂದಲೇ ಎಂದು ಹೇಳಲಾಗದು. ಅದೇ ಕೋಣೆಯಲ್ಲಿ, ಅದೇ ಹೊತ್ತಿನಲ್ಲಿ, ಸೆರ್ರಾಕೂಪದ ರಕೇಲೆ ಗ್ರಿಯೇಕೊ ಎಂಬವರನ್ನೂ ಬೇಡಿಕೊಳ್ಳಲಾಗಿತ್ತು. ಅವರು ಅದನ್ನು ಕೇಳಿಸಿಕೊಳ್ಳಲಿಲ್ಲ ಎನ್ನಲು ನನ್ನಲ್ಲಿ ಆಧಾರವಿಲ್ಲ.'

ನಮ್ಮ ನೋಟರಿ ಮುದುಕ ಪ್ರತಿ ಮಾಡುತ್ತ ತಲೆ ಎತ್ತಿದ. ಅವನಿಗೆ ಪಾಪ, ಹೆಸರಿನ ಮುಂದೆ ಏನಾದರೊಂದು ಬಿರುದು ಬೇಕು.

"ಇವರು ಯಾವ ಸಂತರು ಫಾದರ್? ಪಟ್ಟಿಯಲ್ಲಿ ಕಾಣ್ತಿಲ್ಲ. ಕನ್ಯೆ ಅಂತ ಬರೀಲಾ, ರಕ್ತಸಾಕ್ಷಿ ಅಂತ ಬರೀಲಾ?"

"ಹೆಂಡತಿ ಅಂತ ಬರೀರಿ," ಎಂದೆ.

ಬರೆದ. ಮಸಿ ಆರಲೆಂದು ಕಾಗದವನ್ನು ಕಿಟಕಿಯ ಹತ್ತಿರ ಇಟ್ಟ. ನಾನು ಪಕ್ಕದ ಪ್ರಾರ್ಥನಾ ಮಂದಿರಕ್ಕೆ ಹೋದೆ. ಹನ್ನೊಂದು ವರ್ಷದಲ್ಲಿ ಐದು ಆಕ್ಷೇಪಣೆಗಳನ್ನು ಬರೆದಿದ್ದೇನೆ, ಎಜಿದಿಯೊ. ನಾನು ಬರೆದದ್ದು ನಿಜವಾಗಿರಲಿ ಎಂದು ಮಂಡಿಯೂರಿ ಬೇಡಿಕೊಂಡದ್ದು ಇದೊಂದಕ್ಕೆ ಮಾತ್ರ.

ಸವೇರಿಯೊ